ಕಾಯಂ

ಕಳೆದ ಚಳಿಗಾಲದ ಒಂದು ಭಾನುವಾರ ಅವ್ವ ಫೋನಿನಲ್ಲಿ ಕೇಳಿದಳು: "ಪರ್ಮನೆಂಟ್ ಆಯ್ತಾ ಮಗಾ?"

"ಅರ್ಜಿ ಹಾಕಿವ್ನಿ ಕಣವ್ವ."

"ಆಗ್ಲಿ ಬುಡು. ಕಾಯಂ ಆದ್ಮೇಲೆ ಈ ಕಡೀಕೆ ವರ್ಗ ಕೇಳ್ಬೋದು."

ಮಲ್ಲಿಪಟ್ಟಣದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಪರ್ಮನೆಂಟ್ ಆಗುವುದೆಂದರೆ ಕೆಲಸ ಕಾಯಂ ಆಗುವುದು. ಅತಿಥಿ ಶಿಕ್ಷಕರು, ಹೊರಗುತ್ತಿಗೆ ನೌಕರರು ವರ್ಷಗಟ್ಟಲೆ ಕಾಯುವುದು ಅದಕ್ಕೇ. ನಾನು ಕಾಯುತ್ತಿದ್ದದ್ದು ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ. ಅವಳು ತಪ್ಪು ತಿಳಿದಿದ್ದಾಳೆಂದು ಗೊತ್ತಾಯಿತು. ತಿದ್ದಲಿಲ್ಲ. ಹೂಂ ಅಂದೆ.

ಆ 'ಹೂಂ' ಸುಳ್ಳೇ? ಸುಳ್ಳೆಂದರೆ ಯಾರಿಗೆ ಹೇಳಿದ ಸುಳ್ಳು?

ಓದಲು ವೀಸಾ ಕೇಳುವಾಗ, ಅವಧಿ ಮುಗಿದ ಮೇಲೆ ದೇಶ ಬಿಟ್ಟು ಹೊರಡುತ್ತೇನೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಆದರೆ ಮುಂದೆ ಅಲ್ಲೇ ನೆಲೆಸುವ ಆಸೆಯಿದೆ ಎಂಬ ಒಂದೇ ಕಾರಣಕ್ಕೆ ವೀಸಾ ನಿರಾಕರಿಸುವಂತಿಲ್ಲ ಎಂದೂ ಕೆನಡಾದ ವಲಸೆ ಕಾನೂನು ಹೇಳುತ್ತದೆ. ಒಬ್ಬನ ಮನಸ್ಸಿನಲ್ಲಿ ಎರಡು ಉದ್ದೇಶಗಳಿರಬಹುದೆಂದು ಸರ್ಕಾರವೇ ಒಪ್ಪಿಕೊಂಡಿದೆ. ಹಾಗಾಗಿ ಅದರ ಮುಂದೆ ನಾನು ಸುಳ್ಳನಲ್ಲ. ಅವ್ವನಿಗೆ ಹೇಳಿದ್ದು ಮಾತ್ರ ಒಂದೇ ಉದ್ದೇಶ: ಎರಡು ವರ್ಷ ಓದು, ಮೂರು ವರ್ಷ ಕೆಲಸ, ಸಾಲ ತೀರಿಸಿ ಬಂದುಬಿಡ್ತೀನಿ.

ಹೇಳಿದಾಗ ಅದು ನಿಜವೇ ಆಗಿತ್ತು. ಮನಸ್ಸು ಬದಲಾದ ದಿನ ಯಾವುದೆಂದು ಹುಡುಕಿದರೆ ಸಿಗುವುದಿಲ್ಲ. ಓದಿನ ನಂತರ ಸಿಗುವ ಕೆಲಸದ ಪರವಾನಗಿ ಹೆಚ್ಚೆಂದರೆ ಮೂರು ವರ್ಷದ್ದು, ಅದೂ ಜೀವನದಲ್ಲಿ ಒಂದೇ ಸಲ. ಕೌಶಲದ ಕೆಲಸದಲ್ಲಿ ಒಂದು ವರ್ಷ ತುಂಬಿದವರು ಕಾಯಂ ವಾಸದ ಸರದಿಗೆ ಹೆಸರು ಕೊಡಬಹುದು. 2015ರಿಂದ ಇರುವ ಈ ಪದ್ಧತಿಯಲ್ಲಿ ಮನುಷ್ಯನಿಗೆ ಅಂಕಗಳಿವೆ. ಮದುವೆಯಾಗದವನಿಗೆ 29ರವರೆಗೆ ವಯಸ್ಸಿಗೆ 110 ಅಂಕ. 30ಕ್ಕೆ ಇಳಿಯತೊಡಗಿ 45ಕ್ಕೆ ಸೊನ್ನೆ. ಇಂಗ್ಲಿಷಿಗೆ ಅಂಕವಿದೆ, ಫ್ರೆಂಚಿಗೆ ಅಂಕವಿದೆ. ಕನ್ನಡಕ್ಕಿಲ್ಲ. ಹೆಸರು ಕೊಟ್ಟಿಟ್ಟರೆ ನಷ್ಟವೇನು ಎಂದು ಕೊಟ್ಟೆ. ಪರೀಕ್ಷೆ ಬರೆದಿಟ್ಟರೆ ನಷ್ಟವೇನು ಎಂದು ಬರೆದೆ. ನನಗೆ 29 ನಡೆಯುತ್ತಿತ್ತು. ಕರೆ ಬಂತು, ಅರ್ಜಿ ಹಾಕಿದೆ. ಒಂದೊಂದು ಹೆಜ್ಜೆಯೂ ನ್ಯಾಯವಾಗಿಯೇ ಇತ್ತು. ಎಲ್ಲ ಸೇರಿದಾಗ ಕೊಟ್ಟ ಮಾತು ಮುರಿದಿತ್ತು.

ನನ್ನ ಪರವಾಗಿ ವಾದಿಸಲು ಬೇಕಾದಷ್ಟಿದೆ. ಮನಸ್ಸು ಬದಲಾಗುವುದು ಸುಳ್ಳಲ್ಲ. ಇಪ್ಪತ್ತೈದರ ಹುಡುಗ ಕೊಟ್ಟ ಮಾತಿಗೆ ಮೂವತ್ತರವನು ಜೀವನಪೂರ್ತಿ ಜೀತಕ್ಕಿರಬೇಕೇ? ಕಾಯಂ ವಾಸವೆಂದರೆ ಪೌರತ್ವವಲ್ಲ, ಪಾಸ್‌ಪೋರ್ಟು ಭಾರತದ್ದೇ ಇರುತ್ತದೆ. ಅಷ್ಟಕ್ಕೂ ಈ ಕಾಯಂ ಎಷ್ಟು ಕಾಯಂ? ಐದು ವರ್ಷದಲ್ಲಿ 730 ದಿನವಾದರೂ ಅಲ್ಲಿರದಿದ್ದರೆ ಅದೂ ಕೈಬಿಟ್ಟು ಹೋಗಬಹುದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಾಗ ಮುಳುಗಿದ ಊರುಗಳ ಜನರೂ ತಮ್ಮ ಮನೆ ಹೊಲವನ್ನು ಕಾಯಂ ಎಂದೇ ತಿಳಿದಿದ್ದರು.

ಇದನ್ನೆಲ್ಲ ಹೇಳಿಕೊಂಡರೂ ಆ 'ಹೂಂ' ಚುಚ್ಚುತ್ತಲೇ ಇತ್ತು. ಆಗ ನೆನಪಾದದ್ದು ಪುಣ್ಯಕೋಟಿ. ಹುಲಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು ಎಂಬುದನ್ನಷ್ಟೇ ಶಾಲೆಯಲ್ಲಿ ಉರು ಹೊಡೆದಿದ್ದೆವು. ದೊಡ್ಡಿಗೆ ಬಂದು ಕರುವಿನ ಮುಂದೆ ನಿಂತು, ನಾನು ಹೋಗುತ್ತಿದ್ದೇನೆ ಎಂದು ಹೇಳಿದ್ದನ್ನು ನಾವು ಗಮನಿಸಿರಲಿಲ್ಲ. ಹಾಲು ಕುಡಿಸಿ, ಈಗ ಬಂದೆ ಎಂದು ಹೇಳಿ ಹೊರಟುಬಿಡುವುದು ಎಷ್ಟು ಸುಲಭವಿತ್ತು! ಅವಳು ಹಾಗೆ ಮಾಡಲಿಲ್ಲ. ಕರು ಅತ್ತರೂ ಹೇಳಿದಳು. ಹುಲಿಯ ಮುಂದೆ ಸತ್ಯವಂತೆಯಾಗುವುದಕ್ಕಿಂತ ಅದೇ ಹೆಚ್ಚು ಕಷ್ಟದ್ದಿರಬೇಕು.

ಮುಂದಿನ ಭಾನುವಾರ ಹೇಳಿದೆ. "ಅವ್ವಾ, ಇದು ಕೆಲಸ ಕಾಯಂ ಆಗೋದಲ್ಲ. ಇಲ್ಲೇ ಇರೋಕೆ ಕೊಡೋ ಕಾಗ್ದ. ನಾನು ಸದ್ಯಕ್ಕೆ ವಾಪಸ್ ಬರಲ್ಲ."

ತುಂಬ ಹೊತ್ತು ಮಾತಿಲ್ಲ. ಕೊಟ್ಟಿಗೆಯಲ್ಲಿ ಹಸು ಕೊರಳಾಡಿಸಿದ ಗಂಟೆಯ ಸದ್ದು ಕೇಳುತ್ತಿತ್ತು. ಆಮೇಲೆ ಅವಳು ಕೇಳಿದಳು: "ಹಂಗಾದ್ರೆ ಮೇಗ್ಲ ಹೊಲಾನ ಶುಂಠಿಯವ್ರಿಗೆ ಕೊಡ್ಲಾ? ಮೂರು ವರ್ಷದಿಂದ ಕೇಳ್ತಾವ್ರೆ. ನೀನು ಬತ್ತೀಯಲ್ಲ ಅಂತ ಇಲ್ಲ ಅಂತಿದ್ದೆ."

ಗುತ್ತಿಗೆಗೆ ಕೊಟ್ಟಿದ್ದರೆ ಮೂರು ವರ್ಷದ ದುಡ್ಡು ಬಂದಿರುತ್ತಿತ್ತು. ಅವಳು ಬಿಸಿಲಿನಲ್ಲಿ ಆ ಹೊಲಕ್ಕೆ ಹತ್ತಿ ಹೋಗುವುದು ತಪ್ಪುತ್ತಿತ್ತು. ನನ್ನ ಮನಸ್ಸು ನನ್ನದು, ಅದು ಬದಲಾಗಬಹುದು ಎಂದು ನಾನು ವಾದಿಸುತ್ತಿದ್ದೆ. ಆದರೆ ನಾನು ಕೊಟ್ಟ ಮಾತನ್ನು ಅವಳು ನಂಬಿ, ಅದರ ಮೇಲೆ ತನ್ನ ಬದುಕಿನ ಲೆಕ್ಕ ಹಾಕಿಕೊಂಡಿದ್ದಳು. ಮಾತು ಬದಲಾದದ್ದು ಅವಳಿಗೆ ತಿಳಿಯದಷ್ಟು ದಿನವೂ ಆ ಲೆಕ್ಕ ತಪ್ಪುತ್ತಲೇ ಇತ್ತು. ಅಲ್ಲಿ ಉಳಿದದ್ದು ತಪ್ಪೋ ಸರಿಯೋ, ಇನ್ನೂ ತೀರ್ಮಾನಿಸಲಾರೆ. ಹೇಳದೆ ಉಳಿದದ್ದು ಮಾತ್ರ ತಪ್ಪು.

"ಕೊಡವ್ವ" ಎಂದೆ.

"ಎಷ್ಟು ಕೊಡ್ತಾರೋ ಕೇಳ್ತೀನಿ" ಎಂದು ಅವಳು ಫೋನಿಟ್ಟಳು.