ಹಬ್ಬದ ಅನ್ನ, ಕೊಡುವ ಕೈ

ಹಸಿದವನಿಗೆ ಅನ್ನವಿಡುವುದು ಪುಣ್ಯಕಾರ್ಯವೆಂಬುದರಲ್ಲಿ ಆಸ್ತಿಕರಾರಿಗೂ ಸಂಶಯವಿಲ್ಲ. ಆದರೆ ಉಂಡವನ ಹೊಟ್ಟೆ ತುಂಬಿ, ತಲೆ ಮಾತ್ರ ತಗ್ಗಿದರೆ ಆ ಪುಣ್ಯ ಎಷ್ಟರಮಟ್ಟಿಗೆ ಉಳಿದೀತು ಎಂದು ಕೇಳಿಕೊಳ್ಳುವವರು ವಿರಳ. ಹಬ್ಬದ ದಿನಗಳಲ್ಲಂತೂ ಈ ಪ್ರಶ್ನೆ ಮತ್ತಷ್ಟು ತೀಕ್ಷ್ಣವಾಗುತ್ತದೆ. ಉಳಿದ ದಿನಗಳಲ್ಲಿ ಸಂಗಟಿ, ಉಪ್ಪು, ಮೆಣಸಿನಕಾಯಿಗಳಲ್ಲಿ ಕಳೆಯುವ ಬಡತನವು ಗೋಡೆಯೊಳಗೇ ಅಡಗಿರುತ್ತದೆ. ಯುಗಾದಿಯಂದು ನೆರೆಮನೆಯ ಒಬ್ಬಟ್ಟಿನ ಪರಿಮಳ ಬಂದು, ಮಕ್ಕಳು ತಾಯಿಯ ಮುಖವನ್ನು ನೋಡಿದಾಗ ಅದು ಬೀದಿಗೆ ಬರುತ್ತದೆ.

ಮಲ್ಲಿಕಾರ್ಜುನನ ಸನ್ನಿಧಿಯಾದ ಕಂಬದೂರಿನ ಸೀಮೆಗೆ ಇದು ಅಪರಿಚಿತವಾದ ಸಂಗತಿಯಲ್ಲ. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳತಕ್ಕ ಮಳೆ ಸರಾಸರಿ ಸುಮಾರು 550 ಮಿಲಿಮೀಟರು. ಅದೂ ಕಾಲಕ್ಕೆ ಸರಿಯಾಗಿ ಬೀಳುವುದಿಲ್ಲ. ಕಡಲೆಕಾಯಿ ಬಿತ್ತಿದವನಿಗೆ ಶ್ರಾವಣದ ಮೋಡ ಕೈಕೊಟ್ಟಿತೆಂದರೆ, ದೀಪಾವಳಿಗೆ ಕಣ ಬರಿದು. ಸಂಕ್ರಾಂತಿಯ ವೇಳೆಗೆ ಮನೆಗೆ ಬೀಗ, ಸಂಸಾರ ಬೆಂಗಳೂರಿನ ಕೂಲಿಯಲ್ಲಿ.

ಈ ನಾಡು ಅನ್ನವನ್ನು ಅಳೆದು ಕೊಟ್ಟ ಕಾಲವನ್ನೂ ಕಂಡಿದೆ. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ (1876–78) ಈ ಪ್ರದೇಶ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅನಂತಪುರವು ಬೇರೆ ಜಿಲ್ಲೆಯಾದುದು 1882ರಲ್ಲಿ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ, ಕ್ಷಾಮದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು ನಿಗದಿ ಮಾಡಿದನು. ಅದು ಅರ್ಧ ಕಿಲೋವೂ ಅಲ್ಲ. ಇಡೀ ದಿನ ಕಲ್ಲೊಡೆದವನಿಗೆ ಅಷ್ಟು! ಕೊಡುವವನು ಮೊದಲು ಲೆಕ್ಕವನ್ನು, ಬಳಿಕ ಮನುಷ್ಯನನ್ನು ನೋಡಿದರೆ ಆಗುವುದು ಹೀಗೆ. 1950ರ ದಶಕದ ಆರಂಭದಲ್ಲಿ ರಾಯಲಸೀಮೆಗೆ ಮತ್ತೆ ಬರ ಬಂದಾಗ ಗಂಜಿಕೇಂದ್ರಗಳು ತೆರೆದುವು. ಅವು ಜೀವಗಳನ್ನು ಉಳಿಸಿದುವು, ಆ ಉಪಕಾರ ದೊಡ್ಡದು. ಆದರೂ ಹೊಲವುಳ್ಳ ರೈತನು ತಂಬಿಗೆ ಹಿಡಿದು ಸಾಲಿನಲ್ಲಿ ನಿಲ್ಲುವುದೆಂದರೆ ಹಸಿವಿಗಿಂತ ಕಿರಿದಾದ ಸಂಕಟವೇನಲ್ಲ.

ಆಂಧ್ರಪ್ರದೇಶದಲ್ಲಿ 2015ರ ಜನವರಿಯಿಂದ 2019ರವರೆಗೆ ಪಡಿತರ ಚೀಟಿಯ ಬಡ ಕುಟುಂಬಗಳಿಗೆ ‘ಸಂಕ್ರಾಂತಿ ಕಾನುಕ’ ದೊರೆಯುತ್ತಿತ್ತು. ಗೋಧಿಹಿಟ್ಟು, ಕಡಲೆಬೇಳೆ, ತೊಗರಿಬೇಳೆ, ಬೆಲ್ಲ, ಎಣ್ಣೆ, ತುಪ್ಪ. ಈ ಪಟ್ಟಿಯನ್ನು ಗೃಹಿಣಿಯೊಬ್ಬಳು ನೋಡಿದರೆ ಸಾಕು, ಒಬ್ಬಟ್ಟಿನ ಸಾಮಗ್ರಿಯೆಂದು ಗುರುತಿಸುವಳು. ಹಸಿವಿಗೆ ಮಾತ್ರವಲ್ಲದೆ ಹಬ್ಬಕ್ಕೂ ಬಡವನು ಹಕ್ಕುದಾರನೆಂಬ ತಿಳಿವಳಿಕೆ ಅದರಲ್ಲಿತ್ತು. ಆದರೆ ಆ ಯೋಜನೆಯ ಹೆಸರಿನಲ್ಲಿ ಅಂದಿನ ಮುಖ್ಯಮಂತ್ರಿಗಳ ಹೆಸರೂ ಸೇರಿತ್ತು. ಇದಕ್ಕಾಗಿ ರಾಜಕಾರಣಿಗಳನ್ನು ಮಾತ್ರ ಆಕ್ಷೇಪಿಸುವುದು ನ್ಯಾಯವಲ್ಲ; ದೇವಾಲಯಕ್ಕೆ ಒಂದು ದೀಪವನ್ನಿತ್ತು, ಬೆಳಕೇ ಮುಚ್ಚುವಷ್ಟು ದೊಡ್ಡ ಅಕ್ಷರದಲ್ಲಿ ತನ್ನ ಹೆಸರನ್ನು ಬರೆಯಿಸುವ ಭಕ್ತನೂ ಅದೇ ದಾರಿಯವನು.

‘ಕಾನುಕ’ ಎಂಬ ಮಾತನ್ನೇ ತುಸು ವಿಚಾರಿಸಬಹುದು. ತೆಲುಗಿನ ಕಾನುಕ, ಕನ್ನಡದ ಕಾಣಿಕೆ ಎರಡೂ ಒಡಹುಟ್ಟಿದ ಶಬ್ದಗಳು. ಕನ್ನಡದಲ್ಲಿ ಕಾಣಿಕೆಯು ದೇವರಿಗೆ, ಗುರುವಿಗೆ ಒಪ್ಪಿಸುವಂಥದು. ಅದು ಕೆಳಗಿನಿಂದ ಮೇಲಕ್ಕೆ ಹೋಗತಕ್ಕದ್ದು, ಭಿಕ್ಷೆಯಂತೆ ಮೇಲಿನಿಂದ ಬೀಳುವುದಲ್ಲ. ಹನ್ನೆರಡನೆಯ ಶತಮಾನದ ಶರಣರು ದಾನವೆನ್ನದೆ ದಾಸೋಹವೆಂದುದರ ಅಭಿಪ್ರಾಯವೂ ಇದೇ. ಅಲ್ಲಿ ಬಡಿಸುವವನು ದಾಸ, ಉಣ್ಣುವವನು ಒಡೆಯ. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಉಂಡು ಓದುವುದನ್ನು ಈ ಭಾಗದ ಅನೇಕರು ಕಣ್ಣಾರೆ ಕಂಡಿದ್ದಾರೆ.

2013ರ ಆಹಾರ ಭದ್ರತಾ ಕಾಯಿದೆಯು ಧಾನ್ಯವನ್ನು ಹಕ್ಕಾಗಿಸಿದ ಮೇಲೆ ಇನ್ನು ದಯೆಗೇನು ಕೆಲಸವೆಂದು ಕೆಲವರು ಕೇಳುವುದುಂಟು. ಕಾಯಿದೆಯು ಅಕ್ಕಿಯನ್ನು ಕೊಡಿಸಬಲ್ಲುದು. ಹಬ್ಬವನ್ನು ಕೊಡಿಸಲಾರದು. ಅಮೆರಿಕೆಯಲ್ಲಿ 1967ರಲ್ಲಿ ಫೀನಿಕ್ಸ್ ನಗರದಲ್ಲಿ ಮೊದಲ ಆಹಾರ ಭಂಡಾರ ಆರಂಭವಾಯಿತು. ಅಂಥ ಭಂಡಾರಗಳಲ್ಲಿ ಕೆಲವು ಈಗ ಕಟ್ಟಿಟ್ಟ ಗಂಟನ್ನು ಕೈಗೆ ಕೊಡುವ ಬದಲು, ಬಂದವರೇ ಅಂಗಡಿಯಲ್ಲಿ ಆರಿಸುವಂತೆ ಬೇಕಾದುದನ್ನು ತೆಗೆದುಕೊಳ್ಳಲು ಬಿಡುತ್ತವೆ. ಆರಿಸುವ ಅಧಿಕಾರವು ಸಣ್ಣದಾಗಿ ತೋರಬಹುದು, ಅದನ್ನು ಕಳೆದುಕೊಂಡವನಿಗೆ ಮಾತ್ರ ಅದರ ಬೆಲೆ ಗೊತ್ತು.

ಆದರೂ ಪಂಕ್ತಿಗೂ ಬಾರದ, ಸಾಲಿನಲ್ಲೂ ನಿಲ್ಲದ, ಹಬ್ಬದಂದು ಬಾಗಿಲು ಹಾಕಿಕೊಳ್ಳುವ ಮನೆಯೊಂದು ಪ್ರತಿ ಊರಿನಲ್ಲೂ ಇರುತ್ತದೆ. ಅದನ್ನು ತಲಪುವ ಉಪಾಯವನ್ನು ಹೆಂಗಸರು ಎಂದೋ ಕಂಡುಕೊಂಡಿದ್ದಾರೆ. ಗೌರಿಹಬ್ಬದ ಮೊರದ ಬಾಗಿನದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಎಲ್ಲವೂ ಇರುತ್ತವೆ. ಮೇಲೆ ಇನ್ನೊಂದು ಮೊರವನ್ನು ಮುಚ್ಚಿ, ಸೆರಗು ಹಿಡಿದು ಕೊಡುತ್ತಾರೆ. ಒಳಗೆ ಎಷ್ಟಿದೆಯೆಂದು ಬೀದಿಗೆ ಕಾಣುವುದಿಲ್ಲ. ಸಿರಿವಂತೆಗೂ ಬಡವಿಗೂ ಸಲ್ಲುವುದು ಅದೇ ಮೊರ. ಕೊಟ್ಟವಳು ಕೂಡಲೆ ಹಿಂದಿರುಗುವುದೂ ಇಲ್ಲ. ಮಣೆಯ ಮೇಲೆ ಕುಳಿತು, ಆ ಮನೆಯಾಕೆಯ ಕೈಯಿಂದ ಅರಿಸಿನ ಕುಂಕುಮವನ್ನು ಪಡೆದು ಬರುತ್ತಾಳೆ.