ನೆಂಟರ ಲೆಕ್ಕ

'ಆಪತ್ತಿಗಾದವನೇ ನೆಂಟ' ಎನ್ನುವ ಗಾದೆಯನ್ನು ನಾವು ಹೆಚ್ಚಾಗಿ ಬಳಸುವುದು ದೂರು ಹೇಳುವುದಕ್ಕೆ. ಗಂಡಾಂತರ ಕಳೆದ ಮೇಲೆ, ಯಾರು ಬಂದರು ಯಾರು ಬರಲಿಲ್ಲ ಎಂದು ಬೆರಳು ಮಡಿಸಿ ಎಣಿಸುವಾಗ ಇದು ಬಾಯಿಗೆ ಬರುತ್ತದೆ. ಕ್ಯಾನ್ಸರ್ ಹೊಕ್ಕ ಮನೆಗಳಲ್ಲಂತೂ ಈ ಎಣಿಕೆ ನಡೆದೇ ನಡೆಯುತ್ತದೆ. ಇದು ಅಂಟುವ ಕಾಯಿಲೆ ಅಲ್ಲವೆಂದು ಡಾಕ್ಟರು ಎಷ್ಟು ಸಲ ಹೇಳಿದರೂ ರೋಗಿಯ ತಟ್ಟೆ ಲೋಟ ಬೇರೆ ಇಡುವವರಿದ್ದಾರೆ. ಫೋನಿನಲ್ಲೇ 'ಧೈರ್ಯವಾಗಿರಿ' ಅಂದು ಮುಗಿಸುವ ಷಡ್ಡಕರಿದ್ದಾರೆ. ಯಾವುದೋ ಊರಿನ ಬೇರು-ಪುಡಿಯ ವಿಳಾಸ ಹಿಡಿದು ಬರುವವರು ಬೇರೆ. ಉರಿಯುವ ಮನೆಯಲ್ಲಿ ಗಳ ಹಿರಿಯುವ ಜನ, ಅವರ ಮಾತು ಇಲ್ಲಿ ಬೇಡ.

ಗಾದೆಯನ್ನು ನಿಧಾನವಾಗಿ ಓದಿದರೆ ಇನ್ನೊಂದು ಮುಖ ಕಾಣುತ್ತದೆ. ನೆಂಟರಲ್ಲಿ ಯಾರು ಒದಗಿದರು ಎಂದು ಅದು ಕೇಳುತ್ತಲೇ ಇಲ್ಲ. ಒದಗಿದವನೇ ನೆಂಟ ಎನ್ನುತ್ತಿದೆ. ಗೋತ್ರ, ಕೊಟ್ಟು ತಂದ ಸಂಬಂಧ, ಆಸ್ತಿಯಲ್ಲಿ ಪಾಲು ಯಾವುದೂ ಅದಕ್ಕೆ ಬೇಕಿಲ್ಲ. ತಮ್ಮವರನ್ನು ಕ್ಯಾನ್ಸರಿಗೆ ಕೊಟ್ಟವರು ಅವರ ನೆನಪಿಗೆಂದು ಸ್ವಯಂಸೇವಕರಾಗಿ ಬರುತ್ತಾರಲ್ಲ, ಅವರ ಪಾಡು ಈ ಗಾದೆಯೊಳಗೇ ಇದೆ. ಯಾರಿಗೆ ಒದಗಬೇಕಿತ್ತೋ ಅವರಿಲ್ಲ. ಒದಗುವ ರೂಢಿ ಮಾತ್ರ ಕೈಕಾಲಲ್ಲಿ ಉಳಿದುಬಿಟ್ಟಿದೆ.

ನೆನಪಿಗೆ ಆಸ್ಪತ್ರೆಯನ್ನೇ ಕಟ್ಟಿದ ಉದಾಹರಣೆಯೂ ಇದೆ. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿಯಾಗಿದ್ದ ಎಚ್.ಜೆ. ಭಾಭಾ ಅವರ ಮಗಳು ಮೆಹರ್‌ಬಾಯಿ, ದೊರಾಬ್ಜಿ ಟಾಟಾ ಅವರ ಕೈಹಿಡಿದವರು. 1931ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡರು. ಮರುವರ್ಷವೇ ದೊರಾಬ್ಜಿ ಆ ರೋಗದ ಸಂಶೋಧನೆಗೆಂದು ಹೆಂಡತಿಯ ಹೆಸರಿನಲ್ಲಿ ಟ್ರಸ್ಟ್ ಮಾಡಿದರು. ಅದೇ ವರ್ಷ ತಾವೂ ಹೋದರು. ಅವರು ಮೆಹರ್‌ಬಾಯಿಗೆ ಕೊಡಿಸಿದ್ದ 245 ಕ್ಯಾರೆಟ್‌ನ ಜ್ಯೂಬಿಲಿ ವಜ್ರ ಮುಂದೆ ಮಾರಾಟವಾಗಿ ಹಣ ದೊರಾಬ್ಜಿಯವರ ಹೆಸರಿನ ದತ್ತಿಗೆ ಸೇರಿತು. ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಬಾಗಿಲು ತೆರೆದ ಟಾಟಾ ಮೆಮೋರಿಯಲ್ ಆಸ್ಪತ್ರೆಯನ್ನು ಕಟ್ಟಿಸಿದ್ದು ಆ ದತ್ತಿಯೇ.

ವಜ್ರವಿಲ್ಲದವರ ಹತ್ತಿರ ಇರುವುದು ದಾರಿಯ ಪರಿಚಯ. ಅದೇನು ಸಣ್ಣದಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಿಂದ ಇರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮುಂದೆ ಬೆಳಗಿನ ಹೊತ್ತು ನಿಂತು ನೋಡಿ. ರಾತ್ರಿ ಬಸ್ಸಿನಲ್ಲಿ ಕೂತೇ ಬಂದವರು, ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನು, ಬಯಾಪ್ಸಿ ರಿಪೋರ್ಟು, ರೇಷನ್ ಕಾರ್ಡು ಒಟ್ಟಿಗೆ ತುರುಕಿಕೊಂಡು ಯಾವ ಸಾಲಿಗೆ ನಿಲ್ಲುವುದೆಂದು ತಿಳಿಯದೆ ನಿಂತಿರುತ್ತಾರೆ. ರೇಡಿಯೇಷನ್ನಿಗೆ ನಮ್ಮ ಜನ 'ಕರೆಂಟ್ ಇಡೋದು' ಅನ್ನುತ್ತಾರೆ. ವಾರಕ್ಕೆ 5 ದಿನದಂತೆ ಎಷ್ಟೋ ವಾರ ನಡೆಯುವ ಆ ಚಿಕಿತ್ಸೆಗೆ ಊರಿಂದ ಓಡಾಡಲು ಆಗುವುದಿಲ್ಲ, ಧರ್ಮಶಾಲೆ ಎಲ್ಲಿದೆ, ಜಾಗ ಸಿಗುತ್ತದೋ ಎಂದು ಮೊದಲೇ ವಿಚಾರಿಸಬೇಕು. ಮೈಮೇಲೆ ಎಳೆದ ಶಾಯಿಯ ಗೆರೆಗಳನ್ನು ಉಜ್ಜಿ ತೊಳೆಯಬಾರದು. ಉರಿಯುತ್ತದೆಂದು ಡಾಕ್ಟರನ್ನು ಕೇಳದೆ ಕೊಬ್ಬರಿ ಎಣ್ಣೆ ಹಚ್ಚಬಾರದು. ಬಾಯಿ ಕ್ಯಾನ್ಸರಿನವರಿಗೆ ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಬಿಡುವಾಗ ತಲೆ ಎತ್ತರದಲ್ಲಿರಬೇಕು, ಗಂಜಿಯನ್ನು ಬಟ್ಟೆಯಲ್ಲಿ ಸೋಸಿರಬೇಕು, ಕೊನೆಗೆ ಒಂದಿಷ್ಟು ನೀರು ಬಿಡದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಪ್ಲೇಟ್‌ಲೆಟ್ಟನ್ನು ನಮ್ಮಲ್ಲಿ 5 ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ದಾನಿಗಳ ಹುಡುಕಾಟ ಮುಗಿಯುವುದೇ ಇಲ್ಲ. ಇದನ್ನೆಲ್ಲ ಡಾಕ್ಟರು, ನರ್ಸು ಹೇಳಿಯೇ ಇರುತ್ತಾರೆ. ಆದರೆ ಕ್ಯಾನ್ಸರ್ ಎಂದು ಕೇಳಿದ ಗಳಿಗೆಯಲ್ಲಿ ಮಿಕ್ಕ ಮಾತು ಯಾರ ಕಿವಿಗೂ ಇಳಿದಿರುವುದಿಲ್ಲ. ಎರಡನೇ ಸಲ ಹೇಳುವುದಕ್ಕೆ, ಬೇಕಾದರೆ ಐದನೇ ಸಲ ಹೇಳುವುದಕ್ಕೆ, ಒಬ್ಬರು ಬೇಕು. ಆ ಒಬ್ಬರು ತಾವೇ ಒಂದು ಕಾಲಕ್ಕೆ ಅದೇ ಬೆಂಚಿನ ಮೇಲೆ ಕೂತಿದ್ದವರಾದರೆ ಅಷ್ಟು ತಾಳ್ಮೆ ತಾನಾಗಿ ಇರುತ್ತದೆ.

ಇಲ್ಲೊಂದು ತೊಡಕಿದೆ. ನನಗೆ ಗೊತ್ತಿರುವ ಒಬ್ಬರು, ತಾಯಿ ತೀರಿಕೊಂಡು ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಒಂದು ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೋದರು. ಕೊಪ್ಪಳದ ಕಡೆಯ ಹೆಣ್ಣುಮಗಳೊಬ್ಬಳು ಗಂಡನ ಫೈಲು ಹಿಡಿದು ಅಳುತ್ತಿದ್ದಳು. ಇವರು ಪಕ್ಕದಲ್ಲಿ ಕೂತು, "ನಮ್ಮಮ್ಮನಿಗೂ ಇದೇ ಆಗಿತ್ತು ಕಣಮ್ಮ" ಅಂದರು. ಆಕೆ ಕಣ್ಣೊರೆಸಿಕೊಂಡು ಆಸೆಯಿಂದ ಕೇಳಿದಳು: "ಹೌದೇನ್ರೀ? ಈಗ ಹೆಂಗದಾರ್ರೀ ನಿಮ್ಮ ಅವ್ವಾರು?"

ಇವರಿಗೆ ಉತ್ತರ ಬರಲಿಲ್ಲ, ಅಳು ಬಂತು. ಆಕೆಯೇ ಇವರ ಬೆನ್ನು ಸವರಿ, "ಅಳಬ್ಯಾಡ್ರೀ ಅಕ್ಕಾರ, ನೀರು ಕುಡೀರಿ" ಎಂದು ಬಾಟಲಿ ಕೊಟ್ಟಳು. ಅಷ್ಟರಲ್ಲಿ ಅವಳ ಗಂಡನ ಟೋಕನ್ ನಂಬರು ಕೂಗಿ ಮುಂದೆ ಹೋಗಿತ್ತು.

ಆಪತ್ತಿಗೆ ಯಾರು ಯಾರಿಗೆ ಆದರು? ಕೊಪ್ಪಳದ ಆ ಹೆಣ್ಣುಮಗಳೇ ನೆಂಟಳಾದಳು ಎನ್ನಬೇಕು, ತನ್ನ ಆಪತ್ತನ್ನು ಬದಿಗಿಟ್ಟು. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಲವು ಹಾಸ್ಪಿಸ್‌ಗಳು, ತಮ್ಮವರನ್ನು ಈಚೆಗೆ ಕಳೆದುಕೊಂಡವರನ್ನು ಕೂಡಲೇ ರೋಗಿಗಳ ಬಳಿ ಬಿಡದೆ ಸುಮಾರು ಒಂದು ವರ್ಷ ಕಾಯಿರಿ ಎನ್ನುವುದು ಇದಕ್ಕೇ. ನಿರ್ದಯೆ ಅನ್ನಿಸಬಹುದು. ಸಾವಾದ ಮನೆಯಲ್ಲಿ ವರ್ಷದ ತನಕ ಹಬ್ಬ ಬೇಡವೆಂದ ನಮ್ಮ ಹಿರಿಯರೂ ದುಃಖಕ್ಕೆ ಅಷ್ಟೇ ಕಾಲ ಕೊಟ್ಟಿದ್ದರು. ಕಾಯುವ ವರ್ಷದಲ್ಲಿ ಕೆಲಸವಿಲ್ಲ ಎಂದೇನೂ ಇಲ್ಲ: ಔಷಧಿ ಜೋಡಿಸುವುದು, ರಶೀದಿ ಬರೆಯುವುದು, ದಾನಿಗಳಿಗೆ ಫೋನ್ ಮಾಡುವುದು. ನನ್ನ ಪರಿಚಯದವರು ಈಗ ಅಮ್ಮನ ಹೆಸರೆತ್ತುವುದಿಲ್ಲ. "ಬನ್ನಿ, ಮೊದಲು ಇಲ್ಲಿ ಸೀಲ್ ಹಾಕಿಸೋಣ" ಅನ್ನುತ್ತಾರೆ. ತಾಯಿಯ ಜೊತೆ ಅಲೆದು ಕಲಿತದ್ದೆಲ್ಲ ಆ ಮಾತಿನಲ್ಲಿದೆ, ಕತೆಯ ಕೊನೆ ಮಾತ್ರ ಇಲ್ಲ.

ಹಾಗೆಂದು ಎಲ್ಲರೂ ಆಸ್ಪತ್ರೆಗೇ ಮರಳಬೇಕೆಂದು ಗಾದೆ ಎಲ್ಲಿ ಹೇಳಿದೆ? ಆ ಫಿನಾಯಿಲ್ ವಾಸನೆ ಮತ್ತೆ ತಡೆಯಲಾರದವರಿದ್ದಾರೆ, ಆ ರಸ್ತೆಯ ಬಸ್ಸನ್ನೇ ಹತ್ತದವರಿದ್ದಾರೆ. ಅವರ ನೆನಪೇನೂ ಕಡಿಮೆಯದಲ್ಲ. ಒದಗುವುದಕ್ಕೆ ಊರಲ್ಲೂ ಕೆಲಸವಿದೆ. ಗಂಡಹೆಂಡಿರಿಬ್ಬರೂ ಕರೆಂಟ್ ಇಡಿಸಲೆಂದು ಬೆಂಗಳೂರಿಗೆ ಹೋಗಿ ಕೂತರೆ, ಊರಲ್ಲಿ ಹಸುವಿಗೆ ಹುಲ್ಲು ಹಾಕುವವರು ಯಾರು, ಹಾಲು ಕರೆದು ಡೇರಿಗೆ ಹಾಕುವವರು ಯಾರು, ಮಕ್ಕಳಿಗೆ ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸುವವರು ಯಾರು? ರೋಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ ರಾತ್ರಿಯೆಲ್ಲ ಯೋಚಿಸುವುದು ಹೆಚ್ಚಾಗಿ ಇದನ್ನೇ. ಈ ಕೆಲಸಗಳಿಗೆ ಯಾವ ಸಂಸ್ಥೆಯ ಬ್ಯಾಡ್ಜೂ ಬೇಡ, ಪಕ್ಕದ ಮನೆಯವರಾಗಿದ್ದರೆ ಸಾಕು.