ಪಾಠದ ಬೀಗದ ಕೈ

ಪಠ್ಯಪುಸ್ತಕದ ಪುಟಗಳಲ್ಲಿ ಈಗ ಕ್ಯೂಆರ್ ಕೋಡ್ ಇದೆ. ಮೊಬೈಲ್ ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ. ಒಳ್ಳೆಯದೇ. ಆದರೆ ಆ ಬಾಗಿಲಿನ ಬೀಗದ ಕೈ ಯಾರ ಬಳಿಯಿದೆ?

ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ನಿರ್ಬಂಧಿಸಿದ್ದನ್ನು ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಿದಾಗ, ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿನ ಭಾಗವೆಂದು 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಹೇಳಿತು. ಅದೇ ತಿಂಗಳು ಕಾಶ್ಮೀರ ಕಣಿವೆಯ ಜನರಿಗೆ ಇಂಟರ್‌ನೆಟ್ಟೇ ಇರಲಿಲ್ಲ. 2020ರ ಜನವರಿಯಲ್ಲಿ ಆಮೆನಡಿಗೆಯ 2ಜಿ ಮರಳತೊಡಗಿತು. ಹೆಚ್ಚಿನ ಜಿಲ್ಲೆಗಳು 4ಜಿಗಾಗಿ 2021ರ ಫೆಬ್ರವರಿಯವರೆಗೆ ಕಾದವು. ನಡುವೆ ಕೊರೋನಾ ಬಂದು ಶಾಲೆಗಳು ಮುಚ್ಚಿದವು, ಪಾಠ ಮೊಬೈಲಿಗೆ ಬಂತು.

ಭದ್ರತೆಗಾಗಿ ಎಂದಿತು ಸರಕಾರ. ಭದ್ರತೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಗಲಭೆಯ ಭಯವಿದೆಯೆಂದು ಪೊಲೀಸರು ಮನೆಮನೆಗೆ ಹೋಗಿ ಮಕ್ಕಳ ಚೀಲದಿಂದ ಪುಸ್ತಕಗಳನ್ನು ಕಿತ್ತುಕೊಂಡಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?